ತಂಗಿಯ ಮನೆಯ ಬ್ರೆಡ್ಡು

ಬೈಲಹೊಂಗಲ

ನಮ್ಮೂರಿನಲ್ಲಿ ಯಾರಾದರೂ ಬ್ರೆಡ್ಡು ಹಿಡಿದುಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕವರು ‘ಯಾರಿಗೆ ಆರಾಮಿಲ್ರಿ?’ ಎಂದು ಕೇಳುತ್ತಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ನಾನು ಬೇಕರಿಯವನು. ಬೈಲಹೊಂಗಲದ ಬಸ್‌ಸ್ಟ್ಯಾಂಡಿಗೆ ಹತ್ತಿರ ನಮ್ಮ ತಂದೆ ಕಟ್ಟಿಸಿದ ಕಟ್ಟಿಗೆಯ ಭಟ್ಟಿ ಇದೆ. ಅದರ ಮುಂದೆ ಇಪ್ಪತ್ತಾರು ವರ್ಷ ನಿಂತಿದ್ದೇನೆ. ಊರಿನಲ್ಲಿ ಜ್ವರ ಹೆಚ್ಚಾದರೆ ನಮ್ಮ ಬ್ರೆಡ್ಡು ಹೆಚ್ಚು ಹೋಗುತ್ತದೆ, ಜ್ವರ ಇಳಿದರೆ ಅದೂ ಇಳಿಯುತ್ತದೆ.

ನಮ್ಮ ಬ್ರೆಡ್ಡು ಮೊದಲ ದಿನ ಬ್ರೆಡ್ಡಾಗಿರುತ್ತದೆ. ಉಳಿದದ್ದನ್ನು ಮೂರನೆಯ ದಿನ ಕೊಯ್ದು ಮತ್ತೊಮ್ಮೆ ಭಟ್ಟಿಗೆ ಹಾಕಿದರೆ ಟೋಸ್ಟಾಗುತ್ತದೆ. ಅದಕ್ಕೆ ಹೆಚ್ಚಿನ ಶ್ರಮವಿಲ್ಲ, ಅರ್ಧ ಕೆಲಸವನ್ನು ಬ್ರೆಡ್ಡೇ ಮಾಡಿಕೊಂಡಿರುತ್ತದೆ. ಆ ಟೋಸ್ಟು ಸವದತ್ತಿ ಗುಡ್ಡದ ಪಕ್ಕದ ಉಗರಗೋಳದ ಅಂಗಡಿಗಳಿಗೆ ಹೋಗುತ್ತದೆ. ಯಾತ್ರಿಕರು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಅದ್ದದೆ ತಿಂದವರ ಸುದ್ದಿ ನನಗೆ ಬಂದಿಲ್ಲ.

ಇಂಥ ನಾನು ಎರಡು ಸಾವಿರದ ಎಂಟರ ಸುಮಾರಿಗೆ ಮಲೇಶಿಯಾಕ್ಕೆ ಹೋಗಿ ಬಂದೆ. ನೋಡಲು ಹೋದದ್ದಲ್ಲ, ತಂಗಿಯನ್ನು ಕರೆತರಲು ಹೋದದ್ದು.

ನನ್ನ ತಂಗಿ ಖೈರುನ್ನಳ ಗಂಡ ಯೂಸುಫ್ ಹುಟ್ಟಿ ಬೆಳೆದದ್ದು ಮಲೇಶಿಯಾದ ತೈಪಿಂಗ್ ಎಂಬ ಊರಿನಲ್ಲಿ. ಅವನ ಅಜ್ಜ ಕಿತ್ತೂರಿನವರು, ಬ್ರಿಟಿಷರ ಕಾಲದಲ್ಲಿ ಅಲ್ಲಿಗೆ ಹೋಗಿ ನೆಲೆಸಿದವರು. ಅಜ್ಜನ ಊರು ನೋಡಬೇಕೆಂದು ಬಂದ ಯೂಸುಫ್ ಒಂದು ಮದುವೆಯಲ್ಲಿ ಖೈರುನ್ನಳನ್ನು ನೋಡಿದ. ಕಿತ್ತೂರಿನ ಕೋಟೆಯನ್ನು ನೋಡುವುದು ಹಾಗೆಯೇ ಉಳಿಯಿತು. ತೊಂಬತ್ತಾರರಲ್ಲಿ ಅವರ ನಿಕಾಹ್ ಆಯಿತು. ಅಲ್ಲಿ ಅವನು ಗ್ಯಾಸ್ ಸಿಲಿಂಡರಿನ ಗಾಡಿ ಓಡಿಸುತ್ತಿದ್ದ. ಹನ್ನೊಂದು ವರ್ಷ ಓಡಿಸಿ, ಒಂದು ಬೆಳಿಗ್ಗೆ ಗಾಡಿಯಲ್ಲೇ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ.

ಖೈರುನ್ ಅಮ್ಮನಿಗೆ ಬರೆದ ಪತ್ರಗಳಲ್ಲೆಲ್ಲ ‘ನಾ ಆರಾಮದೇನಿ’ ಎಂದೇ ಇರುತ್ತಿತ್ತು. ಅಮ್ಮ ವರ್ಷ ಪೂರ್ತಿ ಆ ಮಾತನ್ನು ಕೇಳಿಸಿಕೊಂಡಳು. ಆಮೇಲೆ ನನ್ನನ್ನು ಕರೆದಳು.

“ಗಂಡನ್ನ ಕಳಕೊಂಡಾಕಿ ಪರದೇಶದಾಗ ಆರಾಮ ಹೆಂಗಿರ್ತಾಳ? ಸುಳ್ಳ ಬರೀತಾಳ. ಹೋಗಿ ತಾಯಿ-ಮಗಳನ ಕರಕೊಂಡ ಬಾ.”

“ಬರೂದಿಲ್ಲ ಅಂದ್ರ?”

“ಬರೂದಿಲ್ಲ ಅನ್ನಾಕ ಆಕಿಗೆ ಅಲ್ಲೇನೈತಿ?”

ನನ್ನ ಪೆಟ್ಟಿಗೆಯನ್ನು ಅಮ್ಮನೇ ತುಂಬಿದಳು. ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಎಲ್ಲಕ್ಕೂ ಕೆಳಗೆ, ನನ್ನ ಅಂಗಿಗಳ ನಡುವೆ, ರಾಮದುರ್ಗದ ಒಬ್ಬ ಅರಿವೆ ವ್ಯಾಪಾರಿಯ ಫೋಟೋ. ಅವರ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಸ್ಟುಡಿಯೋದ ಸುಣ್ಣದ ಕಂಬದ ಮೇಲೆ ಕೈಯಿಟ್ಟು ನಿಂತಿದ್ದರು. ‘ಮಾತು ಬಂದ್ರಷ್ಟ ತೋರಸು’ ಎಂದು ಅಮ್ಮ ಹೇಳಿದಳು.

ಕೌಲಾಲಂಪುರ

ವಿಮಾನದಲ್ಲಿ ಎಲ್ಲರಿಗೂ ಬ್ರೆಡ್ಡು ಕೊಟ್ಟರು. ನೋಡಿದರೆ ಎಲ್ಲರೂ ಆರೋಗ್ಯವಾಗಿಯೇ ಇದ್ದರು.

ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ತೆರೆಸಿದರು. ತಲೆಗೆ ವಸ್ತ್ರ ಕಟ್ಟಿದ ಒಬ್ಬ ಹೆಣ್ಣುಮಗಳು, ಸರಕಾರದ ಸಮವಸ್ತ್ರದಲ್ಲಿದ್ದವಳು, ಕಡಕ್ ರೊಟ್ಟಿಯ ಗಂಟನ್ನು ಬಿಚ್ಚಿ ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ‘ರೋಟಿ’ ಎಂದೆ. ಅವಳು ಒಂದು ರೊಟ್ಟಿಯನ್ನು ಎತ್ತಿ ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿದಳು. ಕಟ್ಟಿಗೆಯ ಸಪ್ಪಳ ಬಂತು. ಪಕ್ಕದವನನ್ನು ಕರೆದಳು. ಅವನೂ ತಟ್ಟಿ ನೋಡಿದ.

“ನೋ ರೋಟಿ,” ಎಂದ ಅವನು.

ನಾನು ಮೂರು ಸಲ ರೋಟಿ ಎಂದೆ, ಅವರು ಮೂರು ಸಲ ಅಲ್ಲ ಎಂದರು. ಕೊನೆಗೆ ಒಂದು ತುಂಡು ಮುರಿದು ಅವರ ಎದುರಿಗೇ ತಿಂದು ತೋರಿಸಿದೆ. ಅವರಿಬ್ಬರೂ ನನ್ನ ಹಲ್ಲುಗಳನ್ನು ಗೌರವದಿಂದ ನೋಡಿ ಪೆಟ್ಟಿಗೆ ಮುಚ್ಚಿಕೊಳ್ಳಲು ಹೇಳಿದರು. ಮಲಯ ಭಾಷೆಯಲ್ಲಿ ರೋಟಿ ಎಂದರೆ ಬ್ರೆಡ್ಡು ಎಂಬುದು ನನಗೆ ಆಮೇಲೆ ತಿಳಿಯಿತು.

ತೈಪಿಂಗ್

ತೈಪಿಂಗಿನಲ್ಲಿ ದಿನಾ ಮಧ್ಯಾಹ್ನ ಮಳೆ ಬರುತ್ತದೆ. ನಮ್ಮಲ್ಲಿ ಬಸ್ಸು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದ ಹಾಗೆ ಅಲ್ಲಿ ಮಳೆಯನ್ನು ಕೇಳಬಹುದು. ಉತ್ತರ ನಮ್ಮದಕ್ಕಿಂತ ಖಚಿತವಾಗಿರುತ್ತದೆ.

ಬಸ್ ನಿಲ್ದಾಣಕ್ಕೆ ಖೈರುನ್ ಮೋಟರ್‌ಸೈಕಲ್ ಮೇಲೆ ಬಂದಿದ್ದಳು. ಹಿಂದೆ ಕೂತು ಅಲ್ಲ, ಓಡಿಸಿಕೊಂಡು. ತಲೆವಸ್ತ್ರದ ಮೇಲೆ ಹೆಲ್ಮೆಟ್ಟು. ಊರಲ್ಲಿದ್ದಾಗ ಇವಳು ಸೈಕಲ್ ಕಲಿಯುತ್ತೇನೆಂದರೆ ನಾನೇ ಬೇಡ ಎಂದಿದ್ದೆ. ನನ್ನನ್ನು ನೋಡಿ ಕಣ್ಣು ತುಂಬಿಕೊಂಡಳು, ಎರಡೂ ಕೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಪೆಟ್ಟಿಗೆಯನ್ನು ಮುಂದಿಟ್ಟುಕೊಂಡಳು.

“ಕುಂದ್ರು ಭಾಯಿ. ಮಳಿ ಬರೂದರಾಗ ಮನಿ ಮುಟ್ಟಬೇಕು.”

ನಲವತ್ತೈದು ವರ್ಷದ ನಾನು ತಂಗಿಯ ಬೆನ್ನ ಹಿಂದೆ ಕುಳಿತೆ. ಬೈಲಹೊಂಗಲದ ಬಜಾರಿನಲ್ಲಿ ಇದನ್ನು ಯಾರು ಯಾರು ನೋಡಬಹುದಿತ್ತು ಎಂದು ದಾರಿಯುದ್ದಕ್ಕೂ ಎಣಿಸಿದೆ. ತೈಪಿಂಗಿನಲ್ಲಿ ಯಾರೂ ನೋಡಲಿಲ್ಲ.

ಸಾಲುಮನೆಗಳಲ್ಲಿ ಒಂದು ಅವಳದು. ಹತ್ತು ವರ್ಷದ ಮಗಳು ಶಿರೀನ್ ಬಾಗಿಲಲ್ಲಿ ಕಾದಿದ್ದಳು. ಅವಳಿಗೆ ಕನ್ನಡ ಎರಡೇ ಮಾತು ಬರುತ್ತಿತ್ತು, ‘ಬಾ’ ಮತ್ತು ‘ಸಾಕು’. ಬಾ ಎಂದು ಒಳಗೆ ಕರೆದು ಕೂಡಿಸಿ, ಒಂದು ತಾಟನ್ನು ಮುಂದಿಟ್ಟು, “ಮಾಮೂ, ರೋಟಿ ಸುಸು,” ಎಂದಳು.

ನಮ್ಮ ಕಡೆ ಸಣ್ಣ ಮಕ್ಕಳು ಆ ಎರಡನೆಯ ಶಬ್ದವನ್ನು ಯಾವಾಗ ಬಳಸುತ್ತಾರೆಂದು ಓದುಗರಿಗೆ ಗೊತ್ತು. ಹುಡುಗಿಗೆ ಅವಸರವಾಗಿದೆ ಎಂದುಕೊಂಡು ನಾನು ಹಿತ್ತಲ ಬಾಗಿಲ ಕಡೆ ಕೈ ತೋರಿಸಿದೆ. ಅವಳು ತಲೆಯಾಡಿಸಿ ತಾಟನ್ನು ಇನ್ನೂ ಹತ್ತಿರ ತಳ್ಳಿ ಅದೇ ಮಾತನ್ನು ಮತ್ತೆ ಹೇಳಿದಳು. ನಾನು ತಾಟಿನಿಂದ ಸ್ವಲ್ಪ ಹಿಂದೆ ಸರಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಖೈರುನ್ ಇದನ್ನು ಸಾಕಷ್ಟು ಹೊತ್ತು ನೋಡಿ, ಆಮೇಲೆ ಹೇಳಿದಳು.

“ಸುಸು ಅಂದ್ರ ಇಲ್ಲೆ ಹಾಲು, ಭಾಯಿ. ಹಾಲಿನ ಬ್ರೆಡ್ಡು ಅದು. ತಿನ್ನು.”

ತಿಂದೆ. ಬಿಳಿಯ, ಚೌಕಾದ ಬ್ರೆಡ್ಡು. ಬಾಯಲ್ಲಿಟ್ಟ ಮೇಲೆ ಅಗಿಯುವುದಕ್ಕೆ ಕಾದೆ, ಅಷ್ಟರಲ್ಲಿ ಅದು ಹೋಗಿಬಿಟ್ಟಿತ್ತು. ಇನ್ನೊಂದು ತಿಂದೆ. ಯಾವ ಅಂಗಡಿಯದು ಎಂದು ಕೇಳಿದೆ.

“ನಾನ ಮಾಡಿದ್ದು. ಮೊನ್ನಿದು,” ಎಂದಳು ಖೈರುನ್.

ಮೊನ್ನೆಯ ಬ್ರೆಡ್ಡು ನಮ್ಮಲ್ಲಿ ಏನಾಗುತ್ತದೆ ಎಂದು ಹಿಂದೆಯೇ ಹೇಳಿದ್ದೇನೆ.

ಅಡುಗೆಮನೆ

ಯೂಸುಫ್ ತೀರಿಕೊಂಡ ಮೇಲೆ ಅವಳು ಬ್ರೆಡ್ಡು ಮಾಡಿ ಮನೆಮನೆಗೆ ಮಾರುತ್ತಿದ್ದಳಂತೆ. ಪತ್ರದಲ್ಲಿ ಬರೆಯಲಿಲ್ಲ ಏಕೆ ಎಂದು ಕೇಳಿದರೆ, ‘ಬೇಕರಿಯವರ ಮನಿಗೆ ಏನಂತ ಬರೀಲಿ’ ಎಂದಳು. ಅವಳಿಗೆ ಇದನ್ನು ಕಲಿಸಿದವರು ಪಕ್ಕದ ಮನೆಯ ಚೀನೀ ಮುದುಕಿ, ಲಿಮ್ ಆಂಟಿ. ಖೈರುನ್ನಳ ಅಡುಗೆಮನೆಯ ಓವನ್ನು ನಮ್ಮೂರಿನ ಟ್ರಂಕಿನಷ್ಟಿತ್ತು. ಒಂದು ಸಲಕ್ಕೆ ನಾಲ್ಕು ಬ್ರೆಡ್ಡು. ನಮ್ಮ ಭಟ್ಟಿಯಲ್ಲಿ ಮನುಷ್ಯ ಮಲಗಬಹುದು.

ಮರುದಿನ ಶಿರೀನ್ ಶಾಲೆಗೆ ಹೋದ ಮೇಲೆ ಖೈರುನ್ ಕೆಲಸ ಶುರು ಮಾಡಿದಳು. ನಾನು ಕುರ್ಚಿ ಹಾಕಿಕೊಂಡು ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರನಂತೆ ಕುಳಿತೆ. ಅವಳು ಸ್ವಲ್ಪ ಮೈದಾ ತೆಗೆದುಕೊಂಡು, ಅದರ ಐದು ಪಟ್ಟು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯ ಮೇಲಿಟ್ಟು ಕೈಯಾಡಿಸತೊಡಗಿದಳು. ಅದು ಗಟ್ಟಿಯಾಗಿ ಮಿರುಗುವ ಅಂಟಾಯಿತು. ನಮ್ಮಲ್ಲಿ ಇದನ್ನು ಗೋಡೆಗೆ ಪೋಸ್ಟರ್ ಅಂಟಿಸಲು ಕುದಿಸುತ್ತಾರೆ.

“ಇಲ್ಲೆ ಇಲೆಕ್ಷನ್ ಬಂದೈತೇನು?” ಎಂದು ಕೇಳಿದೆ.

“ಅಮ್ಮಾ ಜ್ವಾಳದ ಹಿಟ್ಟಿಗೆ ಕುದಿಯೂ ಎಸರು ಹಾಕೂದಿಲ್ಲೇನು? ಹಾಕ್ಲಿಲ್ಲಂದ್ರ ರೊಟ್ಟಿ ಹರೀತೈತಿ. ಇದೂ ಹಂಗ. ಒಂದೀಟ ಹಿಟ್ಟ ಮೊದಲ ಹೊಟ್ಟಿ ತುಂಬ ನೀರ ಕುಡದಿತ್ತಂದ್ರ, ಉಳಿದ ಹಿಟ್ಟೂ ಲಗೂನ ಒಣಗೂದಿಲ್ಲ.”

ನಮ್ಮಮ್ಮ ಐವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಾಳೆ. ಒಂದೇ ಮನೆಯಲ್ಲಿದ್ದೂ ಹಿಟ್ಟಿನ ವಿಷಯವನ್ನು ನಾವಿಬ್ಬರು ಒಮ್ಮೆಯೂ ಮಾತಾಡಿರಲಿಲ್ಲ.

ಅಂಟು ಆರಿದ ಮೇಲೆ ಅದಕ್ಕೆ ಮೈದಾ, ಹಾಲು, ಸಕ್ಕರೆ, ಉಪ್ಪು, ಈಸ್ಟು ಸೇರಿಸಿ ಕಲಸಿದಳು. ಬೆಣ್ಣೆಯನ್ನು ಮಾತ್ರ ಹಿಂದಿನಿಂದ, ಹಿಟ್ಟು ಒಂದು ಹದಕ್ಕೆ ಬಂದ ಮೇಲೆ ಹಾಕಿದಳು. ನಾದಿದಳು, ಎತ್ತಿ ಒಗೆದಳು, ಮತ್ತೆ ನಾದಿದಳು. ಅರ್ಧ ತಾಸಿನ ಹೊತ್ತಿಗೆ ಒಂದು ಚೂರನ್ನು ಎರಡೂ ಕೈಯಿಂದ ಹಿಗ್ಗಿಸಿ ಕಿಟಕಿಗೆ ಹಿಡಿದಳು. ಹರಿಯದೆ ತೆಳುವಾದ ಹಿಟ್ಟಿನ ಪದರದೊಳಗಿಂದ ಹೊರಗಿನ ಬಾಳೆಗಿಡ ಕಂಡಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ಬೆನ್ನು ನೋಯುತ್ತಿತ್ತು ಎಂದು ಅವಳಿಗೆ ಹೇಳಿದೆ.

ಎಂಟು ಮನೆ

ಮೂರನೆಯ ದಿನ ಶಿರೀನ್‌ಳ ಶಾಲೆಯಿಂದ ಖೈರುನ್ನಳಿಗೆ ಕರೆ ಬಂತು. ಹುಡುಗಿ ಆಟದಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದಳು. ಎಂಟು ಮನೆಯವರು ಹೇಳಿಟ್ಟ ಎಂಟು ಬ್ರೆಡ್ಡಿನ ಹಿಟ್ಟು ಆಗಷ್ಟೇ ಕಲಸಿಟ್ಟದ್ದಿತ್ತು.

“ನೀ ನಾದತೀಯೇನು ಭಾಯಿ? ಕೈಗೆ ಅಂಟ್ತೈತಿ. ಅಂಟಿದ್ರ ಅಂಟಲಿ. ಮೈದಾ ಮಾತ್ರ ಹಾಕಬ್ಯಾಡ.”

“ನನಗ ಹೇಳಬೇಕೇನು?” ಎಂದೆ.

ಅವಳು ಹೋದಳು. ಹಿಟ್ಟು ಅಂಟಿತು. ಮಣಿಕಟ್ಟಿನ ತನಕ ಅಂಟಿತು. ಅಷ್ಟು ವರ್ಷದ ಬೇಕರಿ ಕೆಲಸದಲ್ಲಿ ಯಾವ ಹಿಟ್ಟೂ ನನ್ನೊಡನೆ ಹೀಗೆ ನಡೆದುಕೊಂಡಿರಲಿಲ್ಲ. ಒಂದು ಮುಷ್ಟಿ ಮೈದಾ ಹಾಕಿದೆ. ಸ್ವಲ್ಪ ಸುಧಾರಿಸಿತು. ಸುಧಾರಿಸಿತಲ್ಲ ಎಂದು ಇನ್ನೂ ಎರಡು ಮುಷ್ಟಿ ಹಾಕಿದೆ. ಆಮೇಲೆ ಅದು ಬೈಲಹೊಂಗಲದ ಹಿಟ್ಟಿನಂತೆಯೇ ಆಯಿತು, ನನಗೂ ಧೈರ್ಯ ಬಂತು. ತಂಗಿಗೆ ಶ್ರಮವಾಗದಿರಲಿ ಎಂದು ಟಿನ್ನಿಗೆ ತುಂಬಿ, ಎರಡು ಸಲ ಓವನ್ನು ತುಂಬಿಸಿ, ಎಂಟನ್ನೂ ಬೇಯಿಸಿಯೇ ಬಿಟ್ಟೆ.

ಖೈರುನ್ ದವಾಖಾನೆಗೂ ಹೋಗಿ ಮಗಳೊಡನೆ ಬಂದು ನೋಡಿದಾಗ ಮೇಜಿನ ಮೇಲೆ ಎಂಟು ಬ್ರೆಡ್ಡು ಸಾಲಾಗಿದ್ದವು. ಒಂದನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದಳು.

“ಎಷ್ಟ ಮುಷ್ಟಿ ಹಾಕಿದಿ?”

“ಮೂರು.”

ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಮುಗಿಸುತ್ತಿದ್ದೆ. ಅವಳು ಹೆಲ್ಮೆಟ್ಟು ಹಾಕಿಕೊಂಡು, “ಬಾ, ಎಂಟೂ ಮನಿಗೆ ಹೋಗಿ ಇವತ್ತ ಬ್ರೆಡ್ಡಿಲ್ಲ ಅಂತ ಹೇಳಿ ಬರೂಣು,” ಎಂದಳು. ನಾನು ಮಾಡಿದ ಬ್ರೆಡ್ಡುಗಳನ್ನೂ ಸಾಕ್ಷಿಗೆಂದು ಚೀಲದಲ್ಲಿ ಹಾಕಿಕೊಂಡಳು.

ಮೊದಲು ಪಕ್ಕದ ಲಿಮ್ ಆಂಟಿ. ಖೈರುನ್ ಮಲಯ ಭಾಷೆಯಲ್ಲಿ ಹೇಳಿದ್ದರಲ್ಲಿ ‘ಇಂಡಿಯಾ’ ಮತ್ತು ‘ಬೇಕರಿ’ ಎರಡು ಶಬ್ದ ನನಗೆ ತಿಳಿದವು. ಎರಡನೆಯದನ್ನು ಹೇಳದಿದ್ದರೂ ನಡೆಯುತ್ತಿತ್ತು. ಲಿಮ್ ಆಂಟಿ ಬ್ರೆಡ್ಡನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಹೇಳಿದರು.

“‘ನಿಮ್ಮಣ್ಣಗ ರಟ್ಟಿ ಬಾಳ ಗಟ್ಟಿ ಅದಾವ’ ಅಂತಾರ,” ಎಂದಳು ಖೈರುನ್.

ಹೋದ ಕಡೆಯೆಲ್ಲ ಅವಳನ್ನು ‘ಕಾಕ್’ ಎಂದು ಕರೆಯುತ್ತಿದ್ದರು. ಅಲ್ಲಿ ಹಾಗೆಂದರೆ ಅಕ್ಕ. ಒಬ್ಬ ತಮಿಳು ಹೊಲಿಗೆಯಾಕೆ ನಮ್ಮನ್ನೇ ಸಮಾಧಾನ ಮಾಡಿ ಬಾಳೆಹಣ್ಣು ಕೊಟ್ಟಳು. ಒಂದು ಮನೆಯವರು ನಾನು ಮಾಡಿದ್ದನ್ನೇ ಕೇಳಿ ತೆಗೆದುಕೊಂಡರು. ಅವರ ಮನೆಯಲ್ಲಿ ನಾಯಿ ಇತ್ತು.

ಕೊನೆಯದು ಒಬ್ಬ ಮಲಯ ಮುದುಕನ ಮನೆ. ಅವನ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಖೈರುನ್ನಳ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿದ್ದನ್ನು ಬಿಟ್ಟರೆ ಬೇರೇನೂ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಮುದುಕ ನಮ್ಮ ಮಾತು ಕೇಳಿ, ನನ್ನ ಕೈ ಕುಲುಕಿ, ಇವತ್ತು ಅಕ್ಕಿ ಗಂಜಿ ಕುಡಿಸುತ್ತೇನೆ, ಏನೂ ಚಿಂತೆಯಿಲ್ಲ ಎಂದ. ಖೈರುನ್ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆ ಹೆಂಗಸಿನ ಹಾಸಿಗೆಯ ಪಕ್ಕ ಕುಳಿತು, ಅವಳ ಕೆನ್ನೆ ಸವರಿ ಏನೋ ಹೇಳಿದಳು. ಅರ್ಧ ಮುಖ ಕದಲದ ಆ ಹೆಂಗಸು ಇನ್ನರ್ಧದಿಂದ ನಕ್ಕಳು. ನಾನು ಹೊಸ್ತಿಲ ಹೊರಗೆ ನಿಂತೇ ಇದ್ದೆ. ಮೂರು ಮುಷ್ಟಿ ಮೈದಾ ಇಷ್ಟು ದೂರ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಳೆಯ ಸಂಜೆ

ಮರುದಿನ ಸಂಜೆ ಮಳೆ ನಿಲ್ಲಲಿಲ್ಲ. ಶಿರೀನ್ ಟಿವಿಯ ಮುಂದಿದ್ದಳು. ಹೊರಡಲು ಎರಡೇ ದಿನ ಉಳಿದಿದ್ದರಿಂದ ಅಮ್ಮನ ಮಾತನ್ನು ಹೇಳಲೇಬೇಕಾಯಿತು. ಹೇಳಿದೆ. ಫೋಟೋವನ್ನೂ ಮೇಜಿನ ಮೇಲಿಟ್ಟೆ. ಖೈರುನ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಕಂಬ ಚಂದ ಐತಿ,” ಎಂದು ಮಗುಚಿಟ್ಟಳು.

“ನಗಿಯಾಟ ಅಲ್ಲ ಖೈರು. ಅದನ್ನ ಬಿಡು. ಊರಿಗೆ ಬಾ. ಅಮ್ಮಾ ನಿನ್ನ ಸಲುವಾಗಿ ಅಳತಾಳ.”

“ಬಂದ ಏನ ಮಾಡ್ಲಿ?”

“ಏನ್ಯಾಕ ಮಾಡಬೇಕು? ಮನ್ಯಾಗ ಇರು. ಉಣ್ಣಾಕ ತಿನ್ನಾಕ ಏನ ಕಡಿಮಿ ಐತಿ?”

ಅವಳು ಎದ್ದು, ಮಳೆಯ ಇರಚಲು ಬರುತ್ತಿದ್ದ ಕಿಟಕಿ ಮುಚ್ಚಿ ಬಂದು ಕುಳಿತಳು.

“ಅವರು ಹ್ವಾದ ಮ್ಯಾಲ ನಲವತ್ತ ದಿನ ಓಣಿಯವರೆಲ್ಲಾ ಉಣ್ಣಾಕ ತಂದ ಕೊಟ್ರು ಭಾಯಿ. ನಲವತ್ತೊಂದನೇ ದಿನ ಲಿಮ್ ಆಂಟಿ ಬಂದ್ರು. ಉಣ್ಣಾಕ ತಂದಿರ್ಲಿಲ್ಲ, ಮೈದಾದ ಚೀಲ ತಂದಿದ್ರು. ಅಳೂದಿದ್ರ ನಾದಕೋತ ಅಳು ಅಂದ್ರು. ಮೊದಲ ಒಂದ ತಿಂಗಳ ನನ್ನ ಬ್ರೆಡ್ಡಿಗೆ ಉಪ್ಪ ಹಾಕೂ ಗರಜ ಇರ್ಲಿಲ್ಲ.”

ಹೀಗೆ ಹೇಳಿ ಅವಳು ಸಣ್ಣಗೆ ನಕ್ಕಳು. ನನಗೆ ನಗು ಬರಲಿಲ್ಲ.

“ಈಗ ನಾ ದಾರ್ಯಾಗ ಹೊಂಟ್ರ ಯಾರೂ ಅಯ್ಯೋ ಪಾಪ ಅನ್ನೂದಿಲ್ಲ. ಇವತ್ತ ರೋಟಿ ಐತೇನ ಕಾಕ್ ಅಂತ ಕೇಳ್ತಾರ. ಊರಿಗೆ ಬಂದ್ರ ಏನ ಕೇಳ್ತಾರ?”

ನಾನು ಫೋಟೋವನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ.

“ಆತು, ಬರತೇನಿ ಅಂತ ತಿಳಕೋ. ನನಗ ಭಟ್ಟಿ ಕೊಡ್ತೀಯೇನು?”

ಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಭಟ್ಟಿ ಕಣ್ಣ ಮುಂದೆ ಬಂತು. ಬರಿಮೈಯಲ್ಲಿ ನಿಂತು ಹಿಟ್ಟು ನಾದುವ ನಾಲ್ಕು ಜನ ಗಂಡಸರು ಕಂಡರು. ಗಲ್ಲಾಪೆಟ್ಟಿಗೆಯ ಮುಂದೆ ನಿಂತ ಗಿರಾಕಿಗಳು ಕಂಡರು. ಮನೆಗೂ ಬೇಕರಿಗೂ ನಡುವಿನ ಪರದೆಯ ಈಚೆ ಒಂದು ದಿನವೂ ಬರದ ನನ್ನ ಹೆಂಡತಿ ಕಂಡಳು. ಚಿಕ್ಕವಳಿದ್ದಾಗ ಅಬ್ಬಾನಿಗೆ ಚಹಾ ತರುವ ನೆಪದಲ್ಲಿ ಇದೇ ಖೈರುನ್ ಭಟ್ಟಿಯ ಹತ್ತಿರ ನಿಲ್ಲುತ್ತಿದ್ದಳು, ಹೋಗು ಒಳಗ ಎಂದು ಗದರಿಸುತ್ತಿದ್ದವನು ಅಬ್ಬಾ ಅಲ್ಲ, ನಾನು. ಮಳೆ ತಗಡಿನ ಮೇಲೆ ಬೀಳುತ್ತಲೇ ಇತ್ತು.

“ಯಾಕ ಕೊಡೂದಿಲ್ಲ?” ಎಂದು ನಾನು ಹೇಳುವ ಹೊತ್ತಿಗೆ ಅವಳು ಎದ್ದು ಹೋಗಿ ಟಿನ್ನುಗಳಿಗೆ ಬೆಣ್ಣೆ ಸವರುತ್ತಿದ್ದಳು.

“ಬಾಳ ಹೊತ್ತ ತಗೊಂಡಿ, ಭಾಯಿ,” ಎಂದಳು. ಸಿಟ್ಟಿರಲಿಲ್ಲ. “ಇರಲಿ. ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಸಣ್ಣಾಂವಿದ್ದಾಗೂ ಬರ್ತಿರ್ಲಿಲ್ಲ.”

ನಾನು ಹೋಗಿ ಅವಳ ಪಕ್ಕ ನಿಂತೆ. ಏನು ಮಾಡಬೇಕೆಂದು ತಿಳಿಯದೆ ಕೈ ತೊಳೆದುಕೊಂಡೆ. ಅವಳು ಹಿಟ್ಟಿನ ಬೋಗುಣಿಯನ್ನು ನನ್ನ ಕಡೆ ಸರಿಸಿ, ಮೈದಾದ ಡಬ್ಬಿಯನ್ನು ತೆಗೆದು ಅಟ್ಟದ ಮೇಲಿಟ್ಟಳು.

ಆ ಸಂಜೆ ನಾನು ಅಂಟುವ ಹಿಟ್ಟನ್ನು ಅಂಟಲು ಬಿಟ್ಟು ನಾದಿದೆ. ಕಾಲು ತಾಸು ಅದು ನನ್ನನ್ನು ಬಿಡಲಿಲ್ಲ. ಆಮೇಲೆ ತಾನಾಗಿಯೇ ಕೈ ಬಿಟ್ಟು ಬೋಗುಣಿಯ ಅಂಚನ್ನೂ ಬಿಟ್ಟು ಒಂದು ಮುದ್ದೆಯಾಗಿ ಬಂತು. ಉಬ್ಬಲು ಬಿಟ್ಟೆವು. ಉಬ್ಬಿದ್ದನ್ನು ಲಟ್ಟಿಸಿ, ಚಾಪೆಯಂತೆ ಸುತ್ತಿ, ಒಂದೊಂದು ಟಿನ್ನಿಗೆ ಮೂರು ಸುರುಳಿಯಂತೆ ಇಟ್ಟು, ಮತ್ತೆ ಕಾದೆವು. ಇದರಲ್ಲಿ ಅರ್ಧ ಕೆಲಸ ಕಾಯುವುದೇ. ಕಾಯುವಾಗ ಖೈರುನ್ ಅಮ್ಮನ ಮೊಣಕಾಲು ನೋವನ್ನು, ನನ್ನ ಮಕ್ಕಳನ್ನು, ನಮ್ಮ ಓಣಿಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದಳು. ಎರಡು ಸಲ ಕಣ್ಣೊರೆಸಿಕೊಂಡಳು. ಊರು ಬೇಡವಾದವಳು ಹಾಗೆ ಕೇಳುವುದಿಲ್ಲ.

ಬೆಂದ ಬ್ರೆಡ್ಡಿನಲ್ಲಿ ಒಂದನ್ನು ನಾನೇ ಮುದುಕನ ಮನೆಗೆ ಒಯ್ದು ಕೊಟ್ಟೆ. ಅವನು ಒತ್ತಿ ನೋಡಿ ‘ಕಾಕ್?’ ಎಂದು ಕೇಳಿದ. ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ಅವನು ನಂಬಲಿಲ್ಲ.

ಮತ್ತೆ ಬೈಲಹೊಂಗಲ

ಹೊರಡುವಾಗ ಖೈರುನ್ ಆ ದಿನ ತಾನೇ ಮಾಡಿದ ಎರಡು ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಚೀಲದಲ್ಲಿಟ್ಟಳು. ಬಸ್ ನಿಲ್ದಾಣದಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿಂತವಳು ಬಸ್ಸಿನವನು ಹಾರ್ನು ಹೊಡೆಯುವವರೆಗೆ ತೆಗೆಯಲಿಲ್ಲ. ಶಿರೀನ್ ತಾಯಿಯ ಅಂಗಿ ಎಳೆದು, ‘ಸಾಕು’ ಎಂದಳು.

ಅಮ್ಮನಿಗೆ ಏನು ಹೇಳಬೇಕೆಂಬುದನ್ನು ಮದ್ರಾಸಿನಿಂದ ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಹೊಂದಿಸಿಕೊಂಡಿದ್ದೆ. ಹುಡುಗಿಯ ಶಾಲೆ, ಅಲ್ಲಿಯ ಕಾಗದಪತ್ರ, ಮುಂದಿನ ವರ್ಷ ನೋಡೋಣ ಎಂಬ ಮಾತು, ಎಲ್ಲ ಸರಿಯಾದ ಕ್ರಮದಲ್ಲಿದ್ದವು. ಮನೆಯ ಮುಂದೆ ಆಟೋ ಇಳಿದಾಗ ಅಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಲಿಲ್ಲ. ನನ್ನ ಹಿಂದಿನ ದಾರಿಯನ್ನು ನೋಡಿದಳು.

“ಹಿಂದಿನ ಗಾಡ್ಯಾಗ ಬರಾಕತ್ತಾರೇನು?”

ಹೊಂದಿಸಿದ್ದೆಲ್ಲ ಅಲ್ಲಿಯೇ ಕಲಸಿಹೋಯಿತು. ನಾನು ಅವಳ ಪಕ್ಕ ಕುಳಿತು ಬಟ್ಟೆಯ ಗಂಟು ಬಿಚ್ಚಿದೆ. ಆ ಬ್ರೆಡ್ಡಿಗೆ ಆಗ ಮೂರನೆಯ ದಿನ.

“ಯಾರಿಗೆ ಆರಾಮಿಲ್ಲ?” ಎಂದು ಅಮ್ಮ ಗಾಬರಿಯಾದಳು.

“ಎಲ್ಲಾರೂ ಆರಾಮ ಅದಾರ. ತಿನ್ನು. ಖೈರು ಮಾಡಿದ್ದು.”

ಅಮ್ಮ ಒಂದು ಹೋಳನ್ನು ಕೈಗೆ ತೆಗೆದುಕೊಂಡು ಹಿಂಜಿದಳು. ಹಿಂಜಿದ ಕಡೆ ಹತ್ತಿಯ ಎಳೆಯಂತೆ ಉದ್ದಕ್ಕೆ ಬಂತು. ಬಾಯಲ್ಲಿಟ್ಟುಕೊಂಡಳು. ಅವಳಿಗೆ ಮುಂದಿನ ಹಲ್ಲುಗಳಿಲ್ಲ, ನಮ್ಮ ಬೇಕರಿಯ ಬ್ರೆಡ್ಡನ್ನು ಅವಳು ಚಹಾ ಇಲ್ಲದೆ ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದಳು.

“ಇದ್ನ ಖೈರುನ ಮಾಡ್ಯಾಳೇನು? ತನ್ನ ಕೈಲೆ?”

“ಹೂಂ.”

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹಂಗಾರ ಆಕಿ ಬರೂದಿಲ್ಲ,” ಎಂದಳು. ಆಮೇಲೆ ಇನ್ನೊಂದು ಹೋಳಿಗೆ ಕೈ ಚಾಚಿದಳು.